ಅಂಗಡಿ ಹಿಂದಿನ ಗೋಡೌನು ಹತ್ತು ನಿಮಿಷದ ಆ್ಯಪ್‌ನವರಿಗೆ ಬೇಕಂತೆ. ಕೊಡಬೇಕಾ?

ಇಂಡಿಪಂಪ್_ಕಿರಾಣಿ ಕೇಳಿದ್ದು:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ. ಪುರುಸೊತ್ತು ಇದ್ದವರು ಓದಿ.

ಹಳೇ ಹುಬ್ಬಳ್ಳಿಯ ಇಂಡಿ ಪಂಪ್ ಹತ್ತಿರ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಅಜ್ಜ ಶುರು ಮಾಡಿದ್ದು. ಆಗ ಜೋಳ, ಮೆಣಸಿನಕಾಯಿ ಅಡತಿಯೂ (ದಲ್ಲಾಳಿ ವ್ಯಾಪಾರ) ಇತ್ತು. ಅದಕ್ಕೇ ಅಂಗಡಿ ಹಿಂದೆ ದೊಡ್ಡ ಗೋಡೌನು ಕಟ್ಟಿಸಿದ್ದರು, ಸುಮಾರು 2,200 ಚದರ ಅಡಿ. ವ್ಯಾಪಾರವೆಲ್ಲ ಅಮರಗೋಳದ ಎಪಿಎಂಸಿ ಕಡೆ ಹೋದ ಮೇಲೆ ಅಡತಿ ನಿಂತಿತು, ಗೋಡೌನು ಉಳಿಯಿತು. ಈಗ ಅದರಲ್ಲಿ ಹದಿನೈದಿಪ್ಪತ್ತು ಚೀಲ, ಒಂದು ಮುರಿದ ತಕ್ಕಡಿ, ನನ್ನ ಮಗನ ಸೈಕಲ್ಲು ಮತ್ತು ಎರಡು ಬೆಕ್ಕು ಇವೆ.

ನಾನು ಆ ಮನೆಯ ಮಗಳು. ಒಂದು ಖಾಸಗಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. 2020ರ ಲಾಕ್‌ಡೌನ್‌ನಲ್ಲಿ ಕೆಲಸ ಹೋಯಿತು, ಅಂಗಡಿಗೆ ಬಂದು ಕೂತೆ, ಕೂತವಳು ಕೂತೇ ಇದ್ದೇನೆ. ಅಪ್ಪನಿಗೆ ಈಗ 71. ಬೆಳಿಗ್ಗೆ ಆರೂವರೆಗೆ ಶಟರ್ ಎತ್ತುವುದು ಇವತ್ತಿಗೂ ಅವರೇ. ಸಂಜೆ ಅವ್ವ ಗಲ್ಲಾ ಮೇಲೆ ಕೂರುತ್ತಾಳೆ.

2019ರಲ್ಲಿ ದಿನದ ವ್ಯಾಪಾರ 20,000ದ ಆಸುಪಾಸು ಇತ್ತು. ಈಗ 10,000 ಆದರೆ ಅವತ್ತು ಅಪ್ಪ ದೇವರಿಗೆ ಎರಡು ಊದಿನಕಡ್ಡಿ ಜಾಸ್ತಿ ಹಚ್ಚುತ್ತಾರೆ. ಮೂರು ಜನ ದುಡಿದು ತಿಂಗಳಿಗೆ ಕೈಯಲ್ಲಿ ಉಳಿಯೋದು 25,000ದ ಸುತ್ತ. ಕಟ್ಟಡ ಸ್ವಂತದ್ದು ಅಂತ ನಡೆದಿದೆ. ಬಾಡಿಗೆ ಕಟ್ಟುವಂತಿದ್ದರೆ ಯಾವತ್ತೋ ಬಾಗಿಲು ಹಾಕಿರುತ್ತಿದ್ದೆವು.

ಗಿರಾಕಿಗಳು ಒಮ್ಮೆಲೇ ಹೋಗಲಿಲ್ಲ. ಮೊದಲು ಹೋಗಿದ್ದು ತಿಂಗಳ ಚೀಟಿ. ರೈಲ್ವೆ ವರ್ಕ್‌ಶಾಪಿನವರು, ಸಾರಿಗೆ ಸಂಸ್ಥೆಯವರು ಪಗಾರ ಆದ ವಾರ ಉದ್ದನೆಯ ಚೀಟಿ ತರುತ್ತಿದ್ದರು. ಅಕ್ಕಿ 25, ಜೋಳ 20, ಎಣ್ಣೆ 5, ಕೊನೆಗೆ ಮಕ್ಕಳ ಅಕ್ಷರದಲ್ಲಿ ಒಂದು ಚಾಕಲೇಟು. ಎರಡು ಕಿಲೋಮೀಟರ್ ಆಚೆ ದೊಡ್ಡ ಮಾರ್ಟ್ ಆದ ಮೇಲೆ ಆ ಚೀಟಿಗಳು ಅಲ್ಲಿಗೆ ಹೋದವು. ನಮಗೆ ಉಳಿದದ್ದು ಮರೆತ ಸಾಮಾನು. ಮಾರ್ಟ್‌ನಿಂದ ಸಾಸಿವೆ ತರೋದು ಮರೆತರೆ ನಮ್ಮಲ್ಲಿ ಬರುತ್ತಾರೆ. ಈಗ ಆ್ಯಪ್ ಬಂದು ಅದನ್ನೂ ಒಯ್ಯುತ್ತಿದೆ. ಮೊನ್ನೆ ನಮ್ಮ ಎದುರು ಮನೆಗೇ ಒಬ್ಬ ಹುಡುಗ ಕೊತ್ತಂಬರಿ, ಬ್ರೆಡ್ಡು ತಂದ. ಮನೆ ಸಿಗದೆ ನಮ್ಮ ಅಂಗಡಿಯಲ್ಲೇ ವಿಳಾಸ ಕೇಳಿದ. ಅಪ್ಪ ಎದ್ದು ಹೋಗಿ ಮನೆ ತೋರಿಸಿ ಬಂದರು.

ಇನ್ನು ಎಣ್ಣೆ ಕಥೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಪಾಕೀಟು ನಮಗೆ ಡಿಸ್ಟ್ರಿಬ್ಯೂಟರ್ ಕೊಡೋದು 151ಕ್ಕೆ. ನಾವು 158ಕ್ಕೆ ಮಾರುತ್ತೇವೆ. ಮಾರ್ಟ್‌ನಲ್ಲಿ ಅದು 147. ಅಂದರೆ ನಮ್ಮ ಖರೀದಿಗಿಂತ ನಾಲ್ಕು ರೂಪಾಯಿ ಕಡಿಮೆ! ಸಿಟ್ಟು ಬಂದು ಒಂದು ದಿನ ನಾನೇ ಅಲ್ಲಿಗೆ ಹೋದೆ. ಒಂದು ಬಿಲ್ಲಿಗೆ ನಾಲ್ಕೇ ಪಾಕೀಟು ಅಂದರು. ಮೂರು ಸಲ ಸಾಲಿನಲ್ಲಿ ನಿಂತು ಹನ್ನೆರಡು ತಂದೆ. ಅಂಗಡಿಯ ರ‍್ಯಾಕಿನಲ್ಲಿ ಜೋಡಿಸಿ 155 ಅಂತ ಬರೆದೆ. ಅಪ್ಪ ಒಂದು ಪಾಕೀಟು ಎತ್ತಿಕೊಂಡರು, ಅಂಗೈಯಲ್ಲಿ ಎರಡು ಸಲ ಆಡಿಸಿದರು, ವಾಪಸ್ ಇಟ್ಟರು. ಒಂದು ಮಾತೂ ಆಡಲಿಲ್ಲ. ಅವಮಾನ ಆಯಿತೇನೋ ಅಂದುಕೊಂಡೆ. ಕಿರಾಣಿ ಅಂಗಡಿಯವರು ಚೀಲ ಹಿಡಿದು ಮಾರ್ಟ್‌ನಲ್ಲಿ ಸಾಲು ನಿಲ್ಲೋದು ಅಂದರೆ ಏನು ಹೇಳಿ.

ಈಗ ಮುಖ್ಯ ಪ್ರಶ್ನೆ. ಹೋದ ವಾರ ಒಬ್ಬ ಏಜೆಂಟ್ ಬಂದಿದ್ದ. ಹತ್ತು ನಿಮಿಷದಲ್ಲಿ ಸಾಮಾನು ಮುಟ್ಟಿಸುವ ಒಂದು ಕಂಪನಿಗೆ ಗೋಡೌನು ಬೇಕಂತೆ. ಟೇಪ್ ತಂದಿರಲಿಲ್ಲ. ಗೋಡೆಗೆ ಒಂದು ಕೆಂಪು ಚುಕ್ಕಿ ಬಿಟ್ಟು ಅಳೆದ. ತ್ರೀ ಫೇಸ್ ಕರೆಂಟ್ ಇದೆಯಾ, ಹದಿನೈದು ಬೈಕು ನಿಲ್ಲುತ್ತವಾ ಅಂತ ಕೇಳಿದ. ಅಪ್ಪ ಚಹಾ ತರಿಸಿ ಕೊಟ್ಟು ಕೇಳಿದರು: “ಏನ್ ಇಡ್ತೀರಪಾ ಇದರಾಗ?” ಅವನು, “ಎಲ್ಲಾ ಕಿರಾಣಿ ಮಾಲೇ ಸರ್” ಅಂದ.

ಬಾಡಿಗೆ ತಿಂಗಳಿಗೆ 44,000. ನಾವು ಮೂರು ಜನ ಗಳಿಸೋದಕ್ಕಿಂತ ಸುಮಾರು 20,000 ಜಾಸ್ತಿ. ಮುಂದೆ ನಮ್ಮ ಅಂಗಡಿ ಇಟ್ಟುಕೊಳ್ಳಬಹುದು, ಅಭ್ಯಂತರ ಇಲ್ಲ ಅಂದ. ಅಭ್ಯಂತರ ಯಾಕಿರುತ್ತದೆ?

ಅಪ್ಪ ಹೂಂ ಅನ್ನುತ್ತಿಲ್ಲ, ಊಹೂಂ ಅನ್ನುತ್ತಿಲ್ಲ. ನನಗೆ ತಿಳಿಯಬೇಕಾದ್ದು ಇಷ್ಟು. ಮಾರ್ಟ್‌ನವರು ನಮ್ಮ ಖರೀದಿಗಿಂತ ಸೋವಿ ಹೇಗೆ ಮಾರುತ್ತಾರೆ? ಬಾಡಿಗೆಗೆ ಕೊಟ್ಟರೆ ಜಿಎಸ್‌ಟಿ ತೊಂದರೆ ಏನಾದರೂ ಇದೆಯಾ? ನಾವು 2017ರಿಂದ ಕಾಂಪೊಸಿಷನ್‌ನಲ್ಲಿದ್ದೇವೆ, ಅಂದರೆ ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಒಂದಿಷ್ಟು ತೆರಿಗೆ ಕಟ್ಟಿ ಮುಗಿಸುವ ಪದ್ಧತಿ. ಈಗ ವರ್ಷದ ವ್ಯಾಪಾರ 36 ಲಕ್ಷಕ್ಕೆ ಇಳಿದಿದೆ, ನೋಂದಣಿ ಬೇಕಿಲ್ಲದ 40 ಲಕ್ಷದ ಮಿತಿಯ ಒಳಗೆ ಬಂತಲ್ಲ, ರದ್ದು ಮಾಡಿಸು ಅಂತ ಅಪ್ಪ ಹೇಳುತ್ತಿದ್ದಾರೆ. ಇನ್ನು ಯಾರಾದರೂ ಹೀಗೆ ಜಾಗ ಕೊಟ್ಟವರಿದ್ದರೆ ಅನುಭವ ಹೇಳಿ. “ಧೈರ್ಯವಾಗಿರಿ, ಸಣ್ಣ ವ್ಯಾಪಾರಿಗಳೇ ದೇಶದ ಬೆನ್ನೆಲುಬು” ಅಂತ ಬರೆಯಬೇಡಿ ದಯವಿಟ್ಟು.

ಬೀಟ್_ನಂಬರ್_7:

ಹನ್ನೊಂದು ವರ್ಷ ಹುಬ್ಬಳ್ಳಿಯಲ್ಲಿ ಒಬ್ಬ ಡಿಸ್ಟ್ರಿಬ್ಯೂಟರ್ ಹತ್ತಿರ ಸೇಲ್ಸ್‌ಮನ್ ಆಗಿದ್ದೆ. ಮಂಗಳವಾರ ಹಳೇ ಹುಬ್ಬಳ್ಳಿ ಬೀಟು, ದಿನಕ್ಕೆ ನಲವತ್ತು ಅಂಗಡಿ. ನಿಮ್ಮ ಅಂಗಡಿ ನೋಡಿರುತ್ತೇನೆ. ಸುತಳಿ ಉಂಡೆ ತಗಡಿನ ಡಬ್ಬಿಯಲ್ಲಿ ನೇತಾಡುತ್ತದೆ, ಅಲ್ವಾ? ಆ ಭಾಗದ ಅರ್ಧ ಅಂಗಡಿಗಳಲ್ಲಿ ಹಾಗೇ ಇದೆ ಬಿಡಿ.

ನಿಮ್ಮ ಅಂಗಡಿಗೆ ಒಂದು ಸಾಬೂನು ಬರಬೇಕಾದರೆ ಕಂಪನಿಯಿಂದ ಡಿಪೋ, ಡಿಪೋದಿಂದ ಡಿಸ್ಟ್ರಿಬ್ಯೂಟರ್, ಅಲ್ಲಿಂದ ನೀವು. ಡಿಸ್ಟ್ರಿಬ್ಯೂಟರಿಗೆ ನೂರಕ್ಕೆ ನಾಲ್ಕೈದು ರೂಪಾಯಿ. ಅದರಲ್ಲೇ ಟೆಂಪೋ, ಡ್ರೈವರು, ನನ್ನಂಥವನ ಪಗಾರ, ನಿಮಗೆ ಕೊಟ್ಟ ಹದಿನೈದು ದಿನದ ಉದ್ರಿ. ನಿಮಗೆ ಸಾಬೂನು, ಬಿಸ್ಕಿಟ್ಟಿನ ಮೇಲೆ ಎಂಟರಿಂದ ಹತ್ತು. ಎಣ್ಣೆಗೆ ಅಷ್ಟೂ ಇಲ್ಲ. ಮಾರ್ಟ್‌ನವರು ಕಂಪನಿ ಜೊತೆ ನೇರ ವ್ಯವಹಾರ ಮಾಡುತ್ತಾರೆ. ನಡುವಿನ ನಾಲ್ಕೈದು ರೂಪಾಯಿ ಅಲ್ಲೇ ಉಳಿಯಿತು. ಮೇಲೆ ಮಾಲು ಕಣ್ಣಿಗೆ ಬೀಳುವ ಕಡೆ ಇಟ್ಟಿದ್ದಕ್ಕೆ ಬೇರೆ ದುಡ್ಡು, ವರ್ಷಕ್ಕೆ ಇಷ್ಟು ಖರೀದಿ ಮುಟ್ಟಿದರೆ ಇನ್ನೊಂದಿಷ್ಟು. ನಿಮಗೆ ನಾವು ಕೊಡುತ್ತಿದ್ದದ್ದು ಹನ್ನೆರಡಕ್ಕೆ ಒಂದು ಫ್ರೀ, ಅದೂ ತಿಂಗಳ ಕೊನೆಗೆ ನನ್ನ ಟಾರ್ಗೆಟ್ ಮುಟ್ಟದಿದ್ದಾಗ.

ಮತ್ತೆ ಅವರು ಎಣ್ಣೆ, ಸಕ್ಕರೆಯಲ್ಲಿ ಲಾಭ ಹುಡುಕೋದೇ ಇಲ್ಲ. ಅದು ಗಾಳಕ್ಕೆ ಚುಚ್ಚಿದ ಎರೆಹುಳ. ಎಣ್ಣೆಗೆ ಅಂತ ಹೋದವರು ಬರುವಾಗ ಬಕೀಟು, ಟವೆಲ್ಲು, ಮಗುವಿಗೆ ಒಂದು ಟೀ ಶರ್ಟು ತರುತ್ತಾರೆ. ಲಾಭ ಅಲ್ಲಿದೆ. ನಿಮ್ಮ ಹತ್ತಿರ ಬಕೀಟು ಇದೆಯಾ?

ಆ್ಯಪ್‌ನವರ ಲೆಕ್ಕ ಬೇರೆ. ಅವರು ಬಂಡವಾಳ ಹಾಕಿದವರ ದುಡ್ಡು ಸುಟ್ಟು ಗಿರಾಕಿಗೆ ಚಟ ಹಿಡಿಸುತ್ತಾರೆ. ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆ ತಾನೇ ಮಾಲು ಇಟ್ಟುಕೊಂಡು ಮಾರುವಂತಿಲ್ಲ, ಬರೀ ವೇದಿಕೆ ಆಗಿರಬೇಕು ಅಂತ ನಿಯಮ ಇದೆ. 2019ರ ಫೆಬ್ರುವರಿಯಿಂದ ಅದು ಇನ್ನೂ ಬಿಗಿ ಆಯಿತು. ಹಾಗಾಗಿ ಕಾಗದದ ಮೇಲೆ ಮಾರೋನು ಇನ್ನೊಬ್ಬ ಇರುತ್ತಾನೆ. ನಿಮ್ಮ ಕರಾರು ಯಾರ ಹೆಸರಲ್ಲಿ ಬರುತ್ತದೆ ನೋಡಿಕೊಳ್ಳಿ. ದೊಡ್ಡ ಹೆಸರು ಬೋರ್ಡಿನಲ್ಲಿ ಇರುತ್ತದೆ, ಸಹಿ ಮಾಡೋನು ನೀವು ಕೇಳಿಯೇ ಇರದ ಯಾವುದೋ ಸಣ್ಣ ಸಂಸ್ಥೆ ಆಗಿರಬಹುದು.

ಇನ್ನೊಂದು. ಆ ಹನ್ನೆರಡು ಪಾಕೀಟಿನ ಮೇಲೆ ತೂಕ ನೋಡಿದ್ದೀರಾ? ಒಂದು ಲೀಟರ್ ಎಣ್ಣೆ ಅಂದರೆ 910 ಗ್ರಾಂ. ಮೊದಲು ಎಣ್ಣೆ, ಚಹಾಪುಡಿ, ಬಿಸ್ಕಿಟ್ಟು ಇಂಥಿಂಥ ಅಳತೆಯಲ್ಲೇ ಪ್ಯಾಕ್ ಮಾಡಬೇಕು ಅಂತ ಇತ್ತು. ಈಗ ಆ ನಿಯಮ ತೆಗೆದಿದ್ದಾರೆ. ಯಾವ ತೂಕಕ್ಕೂ ಪ್ಯಾಕ್ ಮಾಡಬಹುದು, ಒಂದು ಗ್ರಾಂಗೆ ಎಷ್ಟು ಅಂತ ದರ ಮಾತ್ರ ಮುದ್ರಿಸಬೇಕು. ಅದನ್ನು ಭೂತಗನ್ನಡಿ ಹಿಡಿದು ಓದಬೇಕು ಬಿಡಿ. ನೋಡಲು ಲೀಟರ್ ಪಾಕೀಟಿನಂತೆಯೇ ಇರುತ್ತದೆ, ಒಳಗೆ 850 ಗ್ರಾಂ, 800 ಗ್ರಾಂ. ಎಲ್ಲ ಬ್ರ್ಯಾಂಡೂ ಹಾಗಲ್ಲ. ಆದರೂ ಒಮ್ಮೆ ನೋಡಿ.

ಮಾಳಮಡ್ಡಿಯವಳು:

ಧಾರವಾಡದಿಂದ. ನಾನು ಗಿರಾಕಿ ಕಡೆಯವಳು, ಬೈಸಿಕೊಳ್ಳಲು ತಯಾರಿದ್ದೇನೆ.

ಆ್ಯಪ್ ನಾನೂ ಬಳಸುತ್ತೇನೆ. ನಮ್ಮ ಓಣಿಯ ಅಂಗಡಿ ಬಿಟ್ಟಿದ್ದು ನಾಲ್ಕು ರೂಪಾಯಿ ಆಸೆಗಲ್ಲ. ನನಗೆ ಆಫೀಸಿನಿಂದ ಬಿಡುವು ಸಿಗೋದು ಮಧ್ಯಾಹ್ನ ಎರಡು ಗಂಟೆಗೆ. ಅಂಗಡಿ ಒಂದೂವರೆಗೆ ಬಾಗಿಲು ಹಾಕಿದರೆ ನಾಲ್ಕೂವರೆಗೆ ತೆಗೆಯೋದು. ಹೋಗಿ ನಿಂತರೆ ಅಂಗಡಿಯವರು ಮೂರು ಸಲ ಕೇಳಿದ ಮೇಲೆ ತಲೆ ಎತ್ತುತ್ತಾರೆ. ಒಮ್ಮೆ ಮಗುವಿಗೆ ತಂದ ಬಿಸ್ಕಿಟ್ಟು ತಾರೀಕು ಮುಗಿದಿತ್ತು. ವಾಪಸ್ ಕೊಡಲು ಹೋದರೆ “ಕಂಪನಿಯವರು ತಗೊಳ್ಳೋದಿಲ್ಲ” ಅಂದರು. ಅದು ನನ್ನ ತಲೆನೋವಾ?

ಲಾಕ್‌ಡೌನ್‌ನಲ್ಲಿ ಅದೇ ಅಂಗಡಿಯವರು ಎರಡು ತಿಂಗಳು ಉದ್ರಿ ಕೊಟ್ಟರು ಅನ್ನೋದೂ ನಿಜ. ಒಂದು ದಿನವೂ ಬಾಯಿ ಬಿಟ್ಟು ಕೇಳಲಿಲ್ಲ. ಅವರ ಮುಂದೆ ಹಾದು ಹೋಗುವಾಗ ಆ್ಯಪ್ ಹುಡುಗ ಕೊಟ್ಟ ಕಾಗದದ ಚೀಲವನ್ನು ನಾನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೇನೆ. ಆದರೆ ನನ್ನ ಕಷ್ಟಕಾಲಕ್ಕೆ ಬೇಕು ಅಂತ ಒಬ್ಬರು ವರ್ಷಪೂರ್ತಿ ನಷ್ಟದಲ್ಲಿ ಅಂಗಡಿ ತೆರೆದಿಟ್ಟುಕೊಂಡು ಕೂರಬೇಕು ಅನ್ನೋದೂ ನ್ಯಾಯ ಅಲ್ಲವಲ್ಲ. ನಾನಾಗಿದ್ದರೆ ಗೋಡೌನು ಕೊಟ್ಟುಬಿಡುತ್ತಿದ್ದೆ.

ಒಂದು ಮಾತು. ಬ್ಯಾಡಗಿ ಮೆಣಸಿನಕಾಯಿ, ಜೋಳ, ಬಾಣಂತಿ ಸಾಮಾನು ನಾನು ಇವತ್ತಿಗೂ ಅಂಗಡಿಯಲ್ಲೇ ತರೋದು. ತಂಗಿ ಹೆರಿಗೆಗೆ ಬಂದಾಗ ಅಂಟು, ಉತ್ತತ್ತಿ, ಕೊಬ್ಬರಿ, ಗಸಗಸೆ ಎಷ್ಟೆಷ್ಟು ಅಂತ ನಮ್ಮವ್ವನಿಗೇ ಮರೆತಿತ್ತು. ಅಂಗಡಿಯವರ ಹೆಂಡತಿ ಒಳಗಿನಿಂದಲೇ ಕೂಗಿ ಹೇಳಿದರು. ಆ್ಯಪ್‌ನಲ್ಲಿ ಅಂಟು ಅಂತ ಹುಡುಕಿದೆ, ಫೆವಿಕಾಲ್ ತೋರಿಸಿತು.

ಇಂಡಿಪಂಪ್_ಕಿರಾಣಿ:

ಮಾಳಮಡ್ಡಿಯವರೇ, ಮಧ್ಯಾಹ್ನ ಬಾಗಿಲು ಹಾಕೋದು ಯಾಕೆ ಅಂದರೆ ಬೆಳಿಗ್ಗೆ ಆರೂವರೆಯಿಂದ ರಾತ್ರಿ ಹತ್ತರವರೆಗೆ ಒಬ್ಬ ಮನುಷ್ಯ ಕೂರಲು ಆಗೋದಿಲ್ಲ. ಮಾರ್ಟ್‌ನಲ್ಲಿ ಎರಡು ಪಾಳಿ ಇರುತ್ತದೆ. ನಮ್ಮಲ್ಲಿ ಇರೋದು ಅಪ್ಪನ ಮೊಣಕಾಲು. ಬಿಸ್ಕಿಟ್ಟಿನ ವಿಷಯ ಮಾತ್ರ ನೀವು ಹೇಳಿದ್ದು ಸರಿ. ನಮ್ಮಲ್ಲೂ ಆಗಿದೆ. ಮಾರ್ಟ್‌ನವರು ತಾರೀಕು ಮುಗಿದದ್ದನ್ನು ಕಂಪನಿಗೇ ತಿರುಗಿಸುತ್ತಾರೆ. ನಮಗೆ ಡಿಸ್ಟ್ರಿಬ್ಯೂಟರ್ ಆರು ತಿಂಗಳು ತಿರುಗಿಸಿ ಅರ್ಧ ದುಡ್ಡು ಕೊಡುತ್ತಾನೆ. ಹಾಗಂತ ಅದನ್ನು ಗಿರಾಕಿ ಕೈಗೆ ಹಾಕಬಾರದು, ಒಪ್ಪಿದೆ.

ಫೆವಿಕಾಲ್ ಓದಿ ಅವ್ವ ನಕ್ಕಳು.

ಬೆಟಗೇರಿ_ಪ್ರೆಸ್:

ಜಾಗ ಕೊಟ್ಟವನು ನಾನಿದ್ದೇನೆ, ಹೇಳುತ್ತೇನೆ ಕೇಳಿ.

ನಮ್ಮದು ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್. ಗದಗ ಅಂದರೆ ಪ್ರೆಸ್ಸುಗಳ ಊರು ಅಂತ ಗೊತ್ತಲ್ಲ. ಲಗ್ನದ ಸೀಸನ್‌ನಲ್ಲಿ ಎರಡು ಟ್ರೆಡಲ್ ಮಷಿನ್ ರಾತ್ರಿ ಎರಡರವರೆಗೆ ಓಡುತ್ತಿದ್ದವು. ಆಮೇಲೆ ಆಫ್‌ಸೆಟ್ ಬಂತು, ಸಾಲ ಮಾಡಿ ಹಾಕಿದೆವು. ಆಮೇಲೆ ಲಗ್ನಪತ್ರಿಕೆ ವಾಟ್ಸ್ಆ್ಯಪ್‌ಗೆ ಹೋಯಿತು, ಐನೂರು ಹೊಡೆಸುವವರು ದೇವರ ಮುಂದೆ ಇಡಲು ಐವತ್ತು ಅನ್ನತೊಡಗಿದರು. ಮುಂದಿನ ಭಾಗ ಖಾಲಿ ಬಿತ್ತು. ಒಂದು ದೊಡ್ಡ ಮೊಬೈಲ್ ಅಂಗಡಿ ಸರಣಿಯವರು ಬಂದರು. ಬಾಡಿಗೆ ಕೇಳಿ ನಮ್ಮ ಅಣ್ಣನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕರಾರು ಇಂಗ್ಲಿಷಿನಲ್ಲಿ ಇಪ್ಪತ್ತಾರು ಪುಟ. ಪ್ರೆಸ್ಸಿನವರಾಗಿ ನಾವು ಬೇರೆಯವರ ಕರಡು ಅಕ್ಷರ ಅಕ್ಷರ ತಿದ್ದುತ್ತೇವೆ, ನಮ್ಮ ಕರಾರು ಓದದೆ ಸಹಿ ಮಾಡಿದೆವು.

ಅವರು ಗೋಡೆ ಒಡೆದು ಗಾಜು ಹಾಕಿದರು. ನೆಲ ಕಿತ್ತು ಹೊಸ ನೆಲ. ಹದಿನಾಲ್ಕು ತಿಂಗಳಿಗೆ “ಈ ಶಾಖೆ ಲಾಭದಲ್ಲಿಲ್ಲ” ಅಂತ ಒಂದು ತಿಂಗಳ ನೋಟಿಸ್ ಕೊಟ್ಟು ಹೋದರು. ಕರಾರಿನಲ್ಲಿ ನಾವು ಐದು ವರ್ಷ ಅವರನ್ನು ಬಿಡಿಸುವಂತಿರಲಿಲ್ಲ, ಅವರು ಮಾತ್ರ ಯಾವಾಗ ಬೇಕಾದರೂ ಹೋಗಬಹುದಿತ್ತು. ಠೇವಣಿಯಲ್ಲಿ ಗೋಡೆ ಕಟ್ಟಿಸುವ ಖರ್ಚು ಹಿಡಿಯಲು ಹೋದರೆ ವಕೀಲರ ಪತ್ರ ಬಂತು. ಅಷ್ಟರಲ್ಲಿ ನಾವು ಟ್ರೆಡಲ್ ಎರಡನ್ನೂ ಗುಜರಿಗೆ ಹಾಕಿ ಆಗಿತ್ತು. ಕಿಲೋ ಲೆಕ್ಕದಲ್ಲಿ.

ಕೊಡಬೇಡಿ ಅನ್ನೋದಿಲ್ಲ. ಆದರೆ ಅವರೂ ಇಷ್ಟು ವರ್ಷ ಬಿಡುವಂತಿಲ್ಲ ಅಂತ ಬರೆಸಿ. ಬಿಟ್ಟರೆ ಉಳಿದ ತಿಂಗಳ ಬಾಡಿಗೆ ಕೊಡಬೇಕು, ಗೋಡೆ ಮುಟ್ಟಿದರೆ ಮೊದಲಿನಂತೆ ಮಾಡಿ ಕೊಡಬೇಕು. ಮತ್ತೆ, ನಿಮ್ಮ ಚೀಲ ಇಡಲು ಒಂದು ಮೂಲೆ ಉಳಿಸಿಕೊಳ್ಳಿ. ಇದು ಎಲ್ಲಕ್ಕಿಂತ ಮುಖ್ಯ. ಗೋಡೌನು ಇಲ್ಲದ ಕಿರಾಣಿ ಅಂಗಡಿ ಸುಗ್ಗಿಯಲ್ಲಿ ಮಾಲು ಹಿಡಿಯಲಾರದು.

ಇಲ್ಲಿ ಯಾರಾದರೂ ಬಂದು “ಅಂಗಡಿಯವರೆಲ್ಲ ಸೇರಿ ಒಟ್ಟಿಗೆ ಖರೀದಿ ಮಾಡಿ” ಅಂತ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಕಣಗಿನಹಾಳ ನಮಗೆ ಹತ್ತಿರ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರ ಸಹಕಾರ ಸಂಘ ಕಟ್ಟಿದ ಊರು. ಶಾಲೆಯಲ್ಲಿ ನಮಗೆಲ್ಲ ಅದನ್ನು ಹೆಮ್ಮೆಯಿಂದ ಕಲಿಸುತ್ತಾರೆ. ಆ ಹೆಮ್ಮೆ ಮೇಲೆ ನನ್ನ ಅಳಿಯ ಮತ್ತು ಇನ್ನು ಆರು ಅಂಗಡಿಯವರು ಸೇರಿ ಎಣ್ಣೆ, ಸಕ್ಕರೆ, ಬೇಳೆ ಒಟ್ಟಿಗೆ ತರಿಸಲು ಶುರು ಮಾಡಿದರು. ಲಾರಿ ಲೋಡಿಗೆ ದರ ನಿಜವಾಗಿಯೂ ಇಳಿಯಿತು. ಐದು ತಿಂಗಳು ನಡೆಯಿತು. ನಿಂತದ್ದು ಯಾಕೆ ಗೊತ್ತಾ? ಮಾಲು ಬಂದ ದಿನ ಇಬ್ಬರು “ಮುಂದಿನ ವಾರ ಕೊಡ್ತೀನಿ” ಅಂದರು. ಜೀವನಪೂರ್ತಿ ಉದ್ರಿ ಕೊಟ್ಟು ಬೇಸತ್ತವರು ತಾವೇ ಉದ್ರಿ ಕೇಳಿದರು. ಮಾಡುವುದಾದರೆ ದುಡ್ಡು ಮೊದಲು ಬ್ಯಾಂಕಿಗೆ, ಆಮೇಲೆ ಲಾರಿ. ಗೆಳೆತನ ಬೇರೆ.

ಲೆಕ್ಕದವ_ಹಾವೇರಿ:

ಜಿಎಸ್‌ಟಿ ಭಾಗ ನಾನು ಹೇಳುತ್ತೇನೆ. ನಿಮ್ಮ ಅಪ್ಪನ ಮಾತು ಕೇಳಿ ನೋಂದಣಿ ರದ್ದು ಮಾಡಿಸಬೇಡಿ, ಮೊದಲು ಇದನ್ನು ಓದಿ.

40 ಲಕ್ಷದ ಮಿತಿ ಇರೋದು ಬರೀ ಸರಕು ಮಾರುವವರಿಗೆ. ವ್ಯಾಪಾರದ ಜಾಗ ಬಾಡಿಗೆಗೆ ಕೊಟ್ಟರೆ ಅದು ಸೇವೆ. ಸರಕೂ ಸೇವೆಯೂ ಎರಡೂ ಇದ್ದರೆ ಮಿತಿ 20 ಲಕ್ಷ. ನಿಮ್ಮದು 36 ಲಕ್ಷ. ನೋಂದಣಿ ತೆಗೆಸಿ ಗೋಡೌನು ಬಾಡಿಗೆಗೆ ಕೊಟ್ಟರೆ ಒಂದೆರಡು ವರ್ಷಕ್ಕೆ ನೋಟಿಸ್ ಬರುತ್ತದೆ. ನಮ್ಮ ಊರಿನ ಕಥೆ ಗೊತ್ತಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಾವಿರಾರು ಸಣ್ಣ ಅಂಗಡಿಯವರಿಗೆ ನೋಟಿಸ್ ಹೋದಾಗ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ್ದು ಬಂದಿತ್ತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಆಮೇಲೆ ಗಲಾಟೆ ಆಗಿ ಸರ್ಕಾರ ಹಿಂದೆ ಸರಿಯಿತು. ಆದರೆ ಆ ತಿಂಗಳು ನನ್ನ ಹತ್ತಿರ ಬಂದ ವ್ಯಾಪಾರಿಗಳ ಮುಖ ಇನ್ನೂ ಕಣ್ಣ ಮುಂದಿದೆ. ಕ್ಯೂಆರ್ ಹಾಳೆಯನ್ನೇ ಹರಿದುಕೊಂಡು ಬಂದಿದ್ದರು.

ಇನ್ನು ಕಾಂಪೊಸಿಷನ್. ಅದರಲ್ಲಿ ಇದ್ದುಕೊಂಡು ಸ್ವಲ್ಪ ಸೇವೆಯ ಆದಾಯ ಪಡೆಯಬಹುದು. ಎಷ್ಟು ಅಂದರೆ ಹಿಂದಿನ ವರ್ಷದ ವಹಿವಾಟಿನ 10 ಪರ್ಸೆಂಟ್ ಅಥವಾ 5 ಲಕ್ಷ, ಯಾವುದು ಜಾಸ್ತಿಯೋ ಅದು. ನಿಮಗೆ 5 ಲಕ್ಷ. ಅವರು ಹೇಳಿದ 44,000 ಅಂದರೆ ವರ್ಷಕ್ಕೆ 5,28,000. ಬರೀ 28,000 ರೂಪಾಯಿಗೆ ನೀವು ಕಾಂಪೊಸಿಷನ್‌ನಿಂದ ಹೊರಗೆ ಬೀಳುತ್ತೀರಿ. ಆಮೇಲೆ ಪ್ರತಿ ಸಾಬೂನಿಗೂ ಬಿಲ್ಲು, ರಿಟರ್ನ್, ಬಾಡಿಗೆ ಮೇಲೆ 18 ಪರ್ಸೆಂಟ್ ಹಾಕಿ ಕಟ್ಟೋದು. ತಿಂಗಳಿಗೆ 41,500 ಆದರೆ ಮಿತಿಯ ಒಳಗೆ. ಜೀವನದಲ್ಲಿ ಮೊದಲ ಸಲ ಬಾಡಿಗೆ ಕಡಿಮೆ ಮಾಡಿ ಅಂತ ಕೇಳುವ ಮಾಲೀಕರು ನೀವಾಗಬಹುದು.

ಅದಕ್ಕಿಂತ ಮೊದಲು ಒಂದು ಪ್ರಶ್ನೆ. ಗೋಡೌನಿನ ಉತಾರ, ಅಂದರೆ ಮಾಲೀಕತ್ವದ ದಾಖಲೆ, ಯಾರ ಹೆಸರಲ್ಲಿದೆ? ಅಂಗಡಿ ನೋಂದಣಿ ಅಪ್ಪನ ಹೆಸರಲ್ಲಿದ್ದು ಜಾಗ ಬೇರೆಯವರ ಹೆಸರಲ್ಲಿದ್ದರೆ ಲೆಕ್ಕವೇ ಬೇರೆ ಆಗುತ್ತದೆ. ನೋಂದಣಿ ಇಲ್ಲದ ಮಾಲೀಕರಿಂದ ನೋಂದಾಯಿತ ಕಂಪನಿ ವ್ಯಾಪಾರದ ಜಾಗ ಬಾಡಿಗೆಗೆ ಹಿಡಿದರೆ 2024ರ ಅಕ್ಟೋಬರ್ 10ರಿಂದ ಆ ತೆರಿಗೆ ಕಂಪನಿಯೇ ಕಟ್ಟಬೇಕು. ಉತಾರ ಕೈಯಲ್ಲಿ ಹಿಡಿದು ಹುಬ್ಬಳ್ಳಿಯಲ್ಲೇ ಯಾರನ್ನಾದರೂ ಕಾಣಿ, ಇಲ್ಲಿ ಬರೆದದ್ದನ್ನು ನಂಬಿ ಸಹಿ ಮಾಡಬೇಡಿ.

ಕಿರಾಣಿ ಬಗ್ಗೆ ಒಂದೇ ಮಾತು. ಬಿಡಿಯಾಗಿ ತೂಗಿ ಕೊಡುವ ಬೇಳೆ, ಅಕ್ಕಿ, ಜೋಳಕ್ಕೆ ಜಿಎಸ್‌ಟಿ ಇಲ್ಲ. 25 ಕೆಜಿ ಒಳಗಿನ, ಲೇಬಲ್ ಹಚ್ಚಿದ ಚೀಲಕ್ಕೆ 2022ರ ಜುಲೈ 18ರಿಂದ 5 ಪರ್ಸೆಂಟ್ ಇದೆ. ಮಾರ್ಟ್‌ನಲ್ಲಿ ಹೆಚ್ಚಿನದು ಲೇಬಲ್ ಹಚ್ಚಿದ ಪ್ಯಾಕೆಟ್ಟೇ. ತಕ್ಕಡಿ ನಿಮ್ಮ ಹತ್ತಿರ ಇದೆ.

ಇಂಡಿಪಂಪ್_ಕಿರಾಣಿ:

ಮೂರು ವಾರ ಆಯಿತು. ಏನಾಯಿತು ಅಂತ ಇಬ್ಬರು ಕೇಳಿದ್ದೀರಿ, ಬರೆಯುತ್ತೇನೆ.

ಮೊದಲು ಎಣ್ಣೆ. ಬೀಟ್ ನಂಬರ್ 7 ಅವರ ಮಾತು ಓದಿದ ರಾತ್ರಿಯೇ ಟಾರ್ಚ್ ಹಿಡಿದು ನೋಡಿದೆ. 850 ಗ್ರಾಂ. ನಮ್ಮ ಡಿಸ್ಟ್ರಿಬ್ಯೂಟರ್ ಕೊಡುವುದು 910. ಬ್ರ್ಯಾಂಡ್ ಒಂದೇ, ಬಣ್ಣ ಒಂದೇ, ಚಿತ್ರ ಒಂದೇ. ಲೆಕ್ಕ ಹಾಕಿದೆ. ಅವರ 147 ಮತ್ತು ನಮ್ಮ 158, ಎರಡೂ ಗ್ರಾಂಗೆ ಹದಿನೇಳು ಪೈಸೆ ಚಿಲ್ಲರೆ. ವರ್ಷಗಟ್ಟಲೆ ಗಿರಾಕಿಗಳ ಹತ್ತಿರ “ಅಲ್ಲಿ ಹನ್ನೊಂದು ರೂಪಾಯಿ ಕಡಿಮಿ ಐತಲ್ರೀ” ಅನ್ನಿಸಿಕೊಂಡಿದ್ದು ಇದಕ್ಕಾ?

ಆದರೆ ಅದಕ್ಕಿಂತ ದೊಡ್ಡ ನೋವು ಬೇರೆ. ಆ ಹನ್ನೆರಡರಲ್ಲಿ ಏಳು ನಾನು ಮಾರಿಬಿಟ್ಟಿದ್ದೆ, ಲೀಟರ್ ಅಂತ ಹೇಳಿ, 155ಕ್ಕೆ. ಎದ್ದು ಅಪ್ಪನಿಗೆ ಹೇಳಿದೆ. ಅವರು ಟಿವಿ ನೋಡುತ್ತಲೇ, “ಹಗೂರ ಇದ್ದವು” ಅಂದರು. ಅವತ್ತೇ ಗೊತ್ತಿತ್ತಂತೆ. ಹಾಗಿದ್ದರೆ ಹೇಳಬಾರದಿತ್ತಾ ಅಂದೆ. “ತೂಕ ಮಾಡಿ ನೋಡ್ತಿ ಅನ್ಕೊಂಡಿದ್ನಿ” ಅಂದರು. ಐವತ್ತು ವರ್ಷ ತಕ್ಕಡಿ ಹಿಡಿದ ಕೈ. ನಾನು ಅವಮಾನ ಅಂದುಕೊಂಡಿದ್ದೆ.

ಏಳರಲ್ಲಿ ಐದು ಮನೆ ನೆನಪಿದ್ದವು. ಎಂಟೆಂಟು ರೂಪಾಯಿ ವಾಪಸ್ ಕೊಟ್ಟು ಬಂದೆ. ಒಬ್ಬರು ತಗೊಳ್ಳಲೇ ಇಲ್ಲ, ಒಬ್ಬರು ಹಳೇ ಪಾಕೀಟು ಕಸದಿಂದ ತೆಗೆದು ನೋಡಿ ಮಾರ್ಟ್‌ನವರನ್ನು ಬಾಯಿತುಂಬ ಬೈದರು. ಮರುದಿನ ಅವರೇ ಮಾರ್ಟ್‌ನ ಚೀಲ ಹಿಡಿದು ನಮ್ಮ ಮುಂದೆ ಹೋದರು. ಸಾಬೂನು, ಪೇಸ್ಟು ಅಲ್ಲಿ ನಿಜವಾಗಿಯೂ ಸೋವಿ, ನಾನೇನು ಹೇಳಲಿ. 2025ರ ಸೆಪ್ಟೆಂಬರ್‌ನಲ್ಲಿ ಅವುಗಳ ಮೇಲಿನ ತೆರಿಗೆ 18ರಿಂದ 5ಕ್ಕೆ ಇಳಿದಾಗ ಹಳೇ ದರಕ್ಕೆ ಕೊಂಡ ಮಾಲು ನಮ್ಮ ರ‍್ಯಾಕಿನಲ್ಲೇ ಇತ್ತು. ಕಾಂಪೊಸಿಷನ್‌ನವರಿಗೆ ಖರೀದಿ ಮೇಲೆ ಕೊಟ್ಟ ತೆರಿಗೆ ವಾಪಸ್ ಸಿಗೋದಿಲ್ಲ. ಆ ಪೆಟ್ಟು ಇನ್ನೂ ಇದೆ. ಈಗ ಸಾಬೂನು ಎರಡು ಸಾಲು ಕಡಿಮೆ ಮಾಡಿದ್ದೇನೆ.

ಉತಾರ ತೆಗೆಸಿದೆವು. ಅಪ್ಪ ಮತ್ತು ಕಾಕಾ ಇಬ್ಬರ ಹೆಸರೂ ಇದೆ. ಅಜ್ಜ ತೀರಿಕೊಂಡ ಮೇಲೆ ಇಬ್ಬರ ಹೆಸರು ಏರಿದ್ದು ಎಲ್ಲರಿಗೂ ಮರೆತೇ ಹೋಗಿತ್ತು. ಕಾಕಾ ಪುಣೆಯಲ್ಲಿದ್ದಾರೆ, ದೀಪಾವಳಿ ಪಾಡ್ಯಕ್ಕೆ ಅಂಗಡಿ ಪೂಜೆಗೆ ಬಂದರೆ ಬಂದರು. ಫೋನ್ ಮಾಡಿದರೆ ಅವರು ಮೊದಲು ಕೇಳಿದ್ದು “ಬೆಕ್ಕುಗಳನ್ನು ಎಲ್ಲಿ ಬಿಡ್ತೀರಿ” ಅಂತ. ಎರಡನೆಯದು ಬಾಡಿಗೆ. ಅರ್ಧ ಅರ್ಧ ಅಂದರೆ ಅಪ್ಪನ ಪಾಲು 22,000, ಐದು ಲಕ್ಷದ ತಂಟೆ ಬರೋದಿಲ್ಲ ಅಂತ ನಮ್ಮ ಹುಬ್ಬಳ್ಳಿಯ ಲೆಕ್ಕದವರು ಹೇಳಿದರು. ಆದರೆ ಆದಾಯವೂ ಅರ್ಧ ಆಯಿತು. 44,000 ಅಂತ ನಾನು ಕಟ್ಟಿದ್ದ ಕನಸಿನಲ್ಲಿ ಮಗನ ಕಾಲೇಜು ಫೀಸು, ಅವ್ವನ ಕಣ್ಣಿನ ಆಪರೇಷನ್ ಎರಡೂ ಇದ್ದವು. ಈಗ ಒಂದೇ.

ಕರಾರಿನ ಕರಡೂ ಬಂತು. ಬೆಟಗೇರಿಯವರು ಹೇಳಿದಂತೆಯೇ ಇತ್ತು. ನಾವು ಮೂರು ವರ್ಷ ಬಿಡಿಸುವಂತಿಲ್ಲ, ಅವರು ಅರವತ್ತು ದಿನದ ನೋಟಿಸ್ ಕೊಟ್ಟು ಹೋಗಬಹುದು. ಅವರೂ ಎರಡು ವರ್ಷ ಇರಲೇಬೇಕು, ಪೂರ್ವದ ಮೂಲೆಯ 300 ಚದರ ಅಡಿ ನಮ್ಮದು, ಗೋಡೆ ಒಡೆದರೆ ಕಟ್ಟಿ ಕೊಡಬೇಕು ಅಂತ ಬರೆದು ವಾಪಸ್ ಕಳಿಸಿದೆ. ಏಜೆಂಟ್ “ಮೇಲಿನವರಿಗೆ ಕೇಳ್ತೀನಿ ಮೇಡಂ” ಅಂದ. ಒಂಬತ್ತು ದಿನ ಆಯಿತು, ಫೋನಿಲ್ಲ. ಅಪ್ಪ ಮಾತ್ರ ದಿನಾ ಸಂಜೆ “ಆ ಕೆಂಪು ಚುಕ್ಕಿ ಹುಡುಗ ಬಂದಿದ್ನೇನು?” ಅಂತ ಕೇಳುತ್ತಾರೆ. ಬರಲಿ ಅಂತಲೋ ಬರದಿರಲಿ ಅಂತಲೋ ನನಗೆ ಇನ್ನೂ ತಿಳಿದಿಲ್ಲ.

ಈ ನಡುವೆ ಮೆಣಸಿನಕಾಯಿ ಸೀಸನ್ ಬಂತು. ಅಪ್ಪನ ಜೊತೆ ಬ್ಯಾಡಗಿಗೆ ಹೋಗಿ ಕಡ್ಡಿ ಜಾತಿಯದು ಅರವತ್ತು ಕೆಜಿ, ಡಬ್ಬಿ ಜಾತಿಯದು ಇಪ್ಪತ್ತು ಕೆಜಿ ತಂದೆವು. ಅಲ್ಲಿ ಅಪ್ಪ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ತಳದ ಕಾಯಿ ತೆಗೆಯುತ್ತಾರೆ, ಮಡಚಿ ನೋಡುತ್ತಾರೆ, ಕಿವಿ ಹತ್ತಿರ ಹಿಡಿದು ಅಲುಗಿಸುತ್ತಾರೆ. ಬೀಜ ಗಲಗಲ ಅನ್ನಬೇಕು. ಅನ್ನದಿದ್ದರೆ ಹಸಿ, ಗೋಡೌನಿನಲ್ಲಿ ಬೂಸು ಹಿಡಿಯುತ್ತದೆ. ನಾನು ಅದನ್ನು ವಿಡಿಯೊ ಮಾಡಿ ಸ್ಟೇಟಸ್ ಹಾಕಿದೆ. ನಾಲ್ಕು ದಿನದಲ್ಲಿ ಐವತ್ತೆರಡು ಕೆಜಿ ಹೋಯಿತು. ಅದರಲ್ಲಿ ಮೂವರು ತಿಂಗಳ ಚೀಟಿ ಬಿಟ್ಟು ಹೋಗಿದ್ದವರು. ಚೀಟಿ ತರಲಿಲ್ಲ, ಮೆಣಸಿನಕಾಯಿ ಅಷ್ಟೇ ಒಯ್ದರು.

ಮಾಳಮಡ್ಡಿಯವರೇ, ನಿಮ್ಮ ಮಾತು ಕೇಳಿ ಮಧ್ಯಾಹ್ನವೂ ಅಂಗಡಿ ತೆರೆದಿಡುತ್ತಿದ್ದೇನೆ. ಅಪ್ಪ ಒಳಗೆ ಮಲಗುತ್ತಾರೆ, ನಾನು ಕೂರುತ್ತೇನೆ. ನಿನ್ನೆ ಒಂದೂವರೆಯಿಂದ ನಾಲ್ಕೂವರೆವರೆಗೆ ಒಬ್ಬರೇ ಬಂದಿದ್ದರು. ಒಂದು ಬೆಂಕಿಪೊಟ್ಟಣ ಒಯ್ದರು, ಉದ್ರಿ.